ಏಳನೆಯ ದೀಪಕ್ಕೆ ಕಟ್ಟಿದ ನೂಲು

ನಮ್ಮತ್ತೆ ಕಾಮಾಕ್ಷಿಯಮ್ಮನಿಗೆ ಒಂದು ಚಾಳಿ ಇದೆ. ಯಾವುದನ್ನು ಕಂಡರೂ ಇದು ಹೀಗೇಕೆ ಎಂದು ಕೇಳದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಮಿಕ್ಸಿ ರಿಪೇರಿಯವನು ಬಂದರೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೊಂದು ಸ್ಕ್ರೂವಿಗೂ ವಿವರಣೆ ವಸೂಲು ಮಾಡುತ್ತಾರೆ. ತಮಿಳುನಾಡಿನ ಅವಿನಾಶಿ ಊರಿನ ಹತ್ತಿರದ ಈ ನೇಕಾರರ ಬೀದಿಗೆ ನಾನು ಕೊಳ್ಳೇಗಾಲದಿಂದ ಸೊಸೆಯಾಗಿ ಬಂದ ದಿನ ನನ್ನನ್ನೂ ಆ ಮಿಕ್ಸಿಯ ಹಾಗೆಯೇ ಬಿಚ್ಚಿ ನೋಡಿದರು. ಎಷ್ಟು ಓದಿದ್ದೀಯ, ಕನ್ನಡ ಬರೆಯೋಕೆ ಬರುತ್ತಾ, ಕಾಲುಂಗುರ ಯಾಕೆ ಒಂದೇ ಸುತ್ತಿನದು? ಮನೆಯಲ್ಲಿ ಹುಟ್ಟಿದಾಗಿನಿಂದ ಕನ್ನಡವನ್ನೇ ಆಡಿದರೂ ಅವರಿಗೆ ಕನ್ನಡ ಅಕ್ಷರ ಬಾರದು. ಹಾಗಾಗಿ ನಾನು ಬರೆಯಬಲ್ಲೆ ಎಂಬುದು ಅವರಿಗೆ ದೊಡ್ಡ ವಿಷಯ. ಕಾಲುಂಗುರ ಮಾತ್ರ ಪಾಸಾಗಲಿಲ್ಲ. ಸಂಜೆಯೊಳಗೆ ಮೂರು ಸುತ್ತಿನದು ತರಿಸಿ ತೊಡಿಸಿದರು.

"ಇದನ್ನ ಯಾವತ್ತೂ ಕಳಚಬಾರ್ದು ಕಣ್ಣು" ಎಂದರು. ಇಲ್ಲಿ ಮಕ್ಕಳನ್ನು, ಸೊಸೆಯರನ್ನು ಮುದ್ದಿಗೆ ಕಣ್ಣು ಎನ್ನುತ್ತಾರೆ. ಆ ಉಂಗುರ ಸೀರೆಯಂಚಿಗೆ ಸಿಕ್ಕುತ್ತದೆ, ಚಾಪೆಗೆ ಸಿಕ್ಕುತ್ತದೆ. ಆರು ವರ್ಷದಿಂದ ಅದರ ಮೇಲೆ ನಮ್ಮಿಬ್ಬರಿಗೂ ಜಗಳ.

ಹದಿನೈದನೇ ವಯಸ್ಸಿಗೆ ಪವರ್‌ಲೂಮ್ ಶೆಡ್ಡು ಸೇರಿದವರು ಅತ್ತೆ. ಮೂವತ್ತೈದು ವರ್ಷ ಆ ಮಗ್ಗಗಳ ನಡುವೆ ನಿಂತು ಕಿವಿಯನ್ನು ಅಲ್ಲೇ ಬಿಟ್ಟು ಬಂದರು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಕೂಗಿದರೆ ಸ್ವಲ್ಪ ಕೇಳುತ್ತದೆ. ಹಾಗೆಂದು ಅವರ ಹತ್ತಿರ ಏನನ್ನಾದರೂ ಮುಚ್ಚಿಡಬಹುದು ಎಂದುಕೊಂಡರೆ ಕೆಟ್ಟಿರಿ. ಶೆಡ್ಡಿನಲ್ಲಿ ದುಡಿದ ಹೆಂಗಸರೆಲ್ಲ ತುಟಿ ನೋಡಿ ಮಾತು ಹಿಡಿಯುತ್ತಾರೆ. ನಾನು ಅಡುಗೆಮನೆಯಲ್ಲಿ ದನಿಯೇ ಇಲ್ಲದೆ ಗೊಣಗಿದ್ದನ್ನು ಹಜಾರದಿಂದ ಓದಿ ಉತ್ತರ ಕೊಟ್ಟವರು ಇವರು.

ಅವರ ಪಕ್ಕದ ಮಗ್ಗದಲ್ಲಿ ಇಪ್ಪತ್ತೆಂಟು ವರ್ಷ ನಿಂತವರು ಕಲೈಸೆಲ್ವಿ. ಕ್ರೈಸ್ತರು. ಅವರ ಕಿವಿ ಅತ್ತೆಯದಕ್ಕಿಂತಲೂ ಕಡೆ, ಎರಡೂ ಕೇಳಿಸುವುದಿಲ್ಲ. ಗಂಡ ನಮ್ಮ ಬೀದಿ ಕೊನೆಯ ಚಿಕ್ಕ ಚರ್ಚಿನಲ್ಲಿ ಇಪ್ಪತ್ತು ವರ್ಷ ದೀಪ ಹಚ್ಚಿ, ಬಾಗಿಲು ತೆರೆದು ಮುಚ್ಚಿ, ಹೋದ ನವೆಂಬರಿನಲ್ಲಿ ತೀರಿಕೊಂಡರು. ಈಸ್ಟರಿಗೆ ಮೂರು ವಾರವಿರುವಾಗ ಕಲೈಸೆಲ್ವಿ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು ಅತ್ತೆಯ ಎದುರು ಕೂತರು. ಗೆಳತಿಯರ ಮಾತು ತಮಿಳಿನಲ್ಲಿ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹೊಸದಾಗಿ ಬಂದ ಪಾಸ್ಟರ್ ದೇವರಾಜನ್, ಶುಭ ಶುಕ್ರವಾರದ ಹಿಂದಿನ ಸಂಜೆಗೆ ಒಂದು ಆರಾಧನೆ ಯೋಚಿಸಿದ್ದರಂತೆ. ಮುಂದೆ ಏಳು ದೀಪ. ಯೇಸುವಿನ ಕಷ್ಟದ ಕಥೆಯನ್ನು ಒಂದೊಂದು ಭಾಗ ಓದಿದ ಮೇಲೂ ಒಂದೊಂದು ದೀಪ ಆರಿಸುವುದು. ಆರು ಆರಿದ ಮೇಲೆ ಏಳನೆಯದನ್ನು ಆರಿಸದೆ ಪಕ್ಕದ ಕೋಣೆಗೆ ಒಯ್ದು ಬಾಗಿಲು ಮುಚ್ಚುವುದು. ಕಗ್ಗತ್ತಲಲ್ಲಿ ಪಾಸ್ಟರ್ ಕೊನೆಯ ಭಾಗವನ್ನು ಬಾಯಿಪಾಠ ಹೇಳುತ್ತಾರೆ. ಆಮೇಲೆ ಭೂಮಿ ನಡುಗಿದ ಹಾಗೆ ಒಂದು ಸದ್ದು. ಸದ್ದಾದ ಕೂಡಲೇ ಆ ದೀಪ ತಿರುಗಿ ಒಳಗೆ ಬರಬೇಕು.

"ಏಳನೇದನ್ನ ಯಾಕೆ ಆರಿಸಲ್ಲ?" ಅತ್ತೆ ಶುರು ಮಾಡಿದರು.

"ಅದು ಆರೋ ದೀಪ ಅಲ್ಲ ಅಕ್ಕಾ. ಮರೆಗೆ ಹೋಗಿ ಬರೋದು" ಎಂದರು ಕಲೈಸೆಲ್ವಿ. "ಅದನ್ನ ನೀವೇ ಹಿಡೀರಿ ಅಂತ ಪಾಸ್ಟರ್ ನನಗೆ ಹೇಳಿದಾರೆ. ಮನೆಯವರ ನೆನಪಿಗೆ."

"ಮತ್ತೆ ಅಳೋದು ಯಾಕೆ?"

"ಬಾಗಿಲು ಮುಚ್ಚಿದ ಕೋಣೇಲಿ ಸದ್ದಾಗಿದ್ದು ನನಗೆ ಹೇಗೆ ಗೊತ್ತಾಗಬೇಕು?"

ಪಾಸ್ಟರಿಗೆ ಅವರ ಕಿವಿಯ ವಿಷಯ ತಿಳಿಯದು. ಎದುರು ನಿಂತು ಮಾತಾಡಿದರೆ ಕಲೈಸೆಲ್ವಿ ತಟ್ಟನೆ ಉತ್ತರ ಕೊಡುತ್ತಾರೆ, ಯಾರಿಗೂ ಅನುಮಾನ ಬರುವುದಿಲ್ಲ. ಹೇಳಿಬಿಟ್ಟರೆ "ನೀವು ಆರಾಮಾಗಿ ಕೂತ್ಕೊಳ್ಳಿ ಅಮ್ಮಾ" ಎಂದು ದೀಪವನ್ನು ಬೇರೆಯವರ ಕೈಗೆ ಕೊಡುತ್ತಾರೆ ಎಂಬ ಭಯ. ಗಂಡ ಇಪ್ಪತ್ತು ವರ್ಷ ಹಚ್ಚಿದ ದೀಪ. ಅದನ್ನು ಒಂದು ಸಲ ತನ್ನ ಕೈಯಲ್ಲಿ ಹಿಡಿಯಬೇಕು, ಅಷ್ಟೇ ಅವರ ಆಸೆ. ನಾನು ಅವರಿಗೆ ನೀರು ತಂದುಕೊಟ್ಟೆ. ಅತ್ತೆಯ ಕಣ್ಣು ಮಾತ್ರ ಮಿನುಗತೊಡಗಿತು. ಅವರಿಗೊಂದು ಹೊಸ ಮಿಕ್ಸಿ ಸಿಕ್ಕಿತ್ತು.

ಮರುದಿನವೇ ಗೆಳತಿಯ ಜೊತೆ ಚರ್ಚಿಗೆ ಹೊರಟರು, ನನ್ನನ್ನೂ ಎಳೆದುಕೊಂಡು. ಪಾಸ್ಟರ್ ದಪ್ಪ ಬೈಬಲನ್ನು ಪಟ್ಟನೆ ಮುಚ್ಚಿ, ಸದ್ದು ಹೀಗೆ ಮಾಡುವುದಾಗಿ ತೋರಿಸಿದರು. "ಭೂಮಿ ನಡುಗೋದು ಇಷ್ಟೇನಾ?" ಎಂದು ನಮ್ಮತ್ತೆ ಕೇಳಿಯೇಬಿಟ್ಟರು. ನಾನು ನಾಚಿಕೆಯಿಂದ ಗೋಡೆ ನೋಡಿದೆ. ಪಾಸ್ಟರ್ ಎಳೆಯ ವಯಸ್ಸಿನವರು, ನಕ್ಕರು. ಅತ್ತೆ ಚರ್ಚಿನ ಕೆಲಸ ನೋಡಿಕೊಳ್ಳುವ ಮೋಹನ್‌ರಾಜನನ್ನು ಕರೆದು, ಹಿಂದಿನ ಉದ್ದ ಬೆಂಚಿನ ಒಂದು ತುದಿ ಎತ್ತಿ ಕೆಡವಿಸಿದರು. ಮುಂದಿನ ಬೆಂಚಿನಲ್ಲಿ ಕೂತಿದ್ದ ಅತ್ತೆಗೆ ಅದರ ನಡುಕ ಬೆನ್ನಿಗೇ ತಗುಲಿತು. ಪಾಸ್ಟರಿಗೂ ಒಪ್ಪಿಗೆಯಾಯಿತು. ಪಕ್ಕದ ಕೋಣೆಯೊಳಗೆ ಕಾದು ನಿಂತಿದ್ದ ಕಲೈಸೆಲ್ವಿ ಮಾತ್ರ ಹೊರಗೆ ಬರಲೇ ಇಲ್ಲ. ಅಲ್ಲಿನ ಸಿಮೆಂಟ್ ನೆಲಕ್ಕೆ ಅದರ ಸುಳಿವೇ ಇರಲಿಲ್ಲ.

ಮನೆಯಲ್ಲಿ ನಾನು ಜಾಣತನ ತೋರಿಸಿದೆ. ಫೋನ್ ವೈಬ್ರೇಟ್ ಮಾಡಿದರಾಯಿತು ಎಂದೆ. ಫೋನುಗಳನ್ನೆಲ್ಲ ಬಾಗಿಲ ಬುಟ್ಟಿಯಲ್ಲಿ ಹಾಕಿ ಬರಬೇಕಂತೆ. ಕೋಣೆಯಲ್ಲಿ ಇನ್ನೊಬ್ಬರು ನಿಂತು ಭುಜ ತಟ್ಟಲಿ ಎಂದೆ. ಇಬ್ಬರು ಯಾಕೆ ಎಂದು ಕೇಳಿದರೆ ಗುಟ್ಟು ಬಯಲು. ಅತ್ತೆ ಎದ್ದು ಒಳಗಿನಿಂದ, ಮಗ್ಗದಲ್ಲಿ ಉದ್ದಕ್ಕೆ ಹಾಸುವ ನೂಲಿನ ಒಂದು ಉಂಡೆ ತಂದರು.

"ಇದರ ಒಂದು ತುದಿ ಅವಳ ಬೆರಳಿಗೆ, ಒಂದು ತುದಿ ನನ್ನ ಬೆರಳಿಗೆ. ಬೆಂಚು ಬಿದ್ದದ್ದು ನನಗೆ ಬೆನ್ನಲ್ಲೇ ಗೊತ್ತಾಗತ್ತೆ. ನಾ ಒಂದು ಸಲ ಜಗ್ಗಿದ್ರೆ ಅವಳು ಬರ್ಲಿ."

"ಹಗ್ಗ ಕಟ್ಟಿ ಅತ್ತೆ, ಇದು ಕಡಿದುಹೋಗತ್ತೆ" ಎಂದೆ.

"ಹಗ್ಗಕ್ಕೆ ಏನು ಗೊತ್ತು? ಸೀರೆ ಒಣಗಿಸೋಕೆ ಸರಿ ಅದು. ನೂಲು ಮಾತಾಡತ್ತೆ."

ಅಡುಗೆಮನೆಯಿಂದ ತುಳಸಿಕಟ್ಟೆವರೆಗೆ ನೂಲೆಳೆದು ಮೂರು ದಿನ ಅಭ್ಯಾಸ ನಡೆಯಿತು. ಐವತ್ತು ದಾಟಿದ ಇಬ್ಬರು ಹೆಂಗಸರು ಕಣ್ಣು ಮುಚ್ಚಿ ನೂಲು ಜಗ್ಗುತ್ತ ನಗುವುದನ್ನು ಬೀದಿಯೇ ನಿಂತು ನೋಡಿತು. ಒಂದು ಸಲವೂ ತಪ್ಪಲಿಲ್ಲ.

ಆ ಗುರುವಾರ ನೆಲ ಒರೆಸುವ ನೆಪದಲ್ಲಿ ಕಲೈಸೆಲ್ವಿ ಬೆಂಚಿನಿಂದ ಕೋಣೆಯ ಬಾಗಿಲಡಿಗೆ ನೂಲು ಹಾಯಿಸಿದ್ದರು. ಸಂಜೆ ಏಳಕ್ಕೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು. ಮುಂದಿನ ಬೆಂಚಿನಲ್ಲಿ ಅತ್ತೆ. ಅವರ ಪಕ್ಕ, ಕೋಣೆಯ ಕಡೆಗೆ, ನಾನು. ಒಂದೊಂದು ದೀಪ ಆರಿದಂತೆಲ್ಲ ಜನ ಮುಂದಕ್ಕೆ ಬಾಗುತ್ತಿದ್ದರು. ಭಕ್ತಿಯಿರಬೇಕು ಎಂದುಕೊಂಡೆ. ಆರನೆಯದು ಆರಿತು. ಬಿಳಿ ಸೀರೆಯ ಕಲೈಸೆಲ್ವಿ ಏಳನೆಯ ದೀಪವನ್ನು ಎರಡೂ ಕೈಯಲ್ಲಿ ಹಿಡಿದು, ಮಗುವನ್ನು ಒಯ್ಯುವ ಹಾಗೆ ಒಳಗೆ ಒಯ್ದರು. ಬಾಗಿಲು ಮುಚ್ಚಿತು. ನನ್ನ ಕೈಯೇ ನನಗೆ ಕಾಣಲಿಲ್ಲ.

ಕತ್ತಲಲ್ಲಿ ಪಾಸ್ಟರ್ ದನಿ ಎದ್ದಿತು. ಆಗಲೇ ಒಂದು ಸೊಳ್ಳೆ ನನ್ನ ಹಿಮ್ಮಡಿಗೆ ಕಚ್ಚಿತು. ಕಾಲು ಎಳೆದುಕೊಂಡೆ. ಕಾಲ್ಬೆರಳಿಗೆ ಏನೋ ಬಿಗಿದು, ಪಟಕ್ ಎಂದು ಸಡಿಲವಾಯಿತು.

ನನ್ನ ಜೀವವೇ ಹೋಯಿತು. ಮೂರು ಸುತ್ತಿನ ಆ ದರಿದ್ರ ಕಾಲುಂಗುರ ನೂಲನ್ನು ಕಡಿದಿತ್ತು! ಅತ್ತೆಗೆ ಹೇಳೋಣವೆಂದರೆ ಕತ್ತಲಲ್ಲಿ ನನ್ನ ತುಟಿ ಕಾಣುವುದು ಹೇಗೆ? ಇನ್ನು ಸದ್ದಾಗುತ್ತದೆ, ದೀಪ ಬರುವುದಿಲ್ಲ, ಕಲೈಸೆಲ್ವಿ ನನ್ನಿಂದಾಗಿ ಆ ಕೋಣೆಯಲ್ಲೇ ಕಾಯುತ್ತ ನಿಂತಿರುತ್ತಾರೆ.

ಆದದ್ದು ಬೇರೆ. ಸದ್ದಿಗೆ ಮೊದಲೇ ಕೋಣೆಯ ಬಾಗಿಲು ತೆರೆಯಿತು. ಕಲೈಸೆಲ್ವಿ ಬಗ್ಗಿ, ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯ ಬೆರಳಿಗೆ ಸಡಿಲವಾದ ನೂಲು ಸುತ್ತಿಕೊಳ್ಳುತ್ತ, ನೇರ ನನ್ನ ಕಾಲ ಬಳಿಗೆ ಬಂದರು. ದೀಪ ನೆಲಕ್ಕಿಟ್ಟು, ಎರಡು ತುದಿ ಹುಡುಕಿ, ಚಕ್ಕನೆ ಗಂಟು ಹಾಕಿ, ಉಳಿದದ್ದನ್ನು ಹಲ್ಲಿನಿಂದ ಕತ್ತರಿಸಿದರು. ಎಳೆ ಕಡಿದರೆ ಕೂಡಿಸಬೇಕು. ಇಡೀ ಆಯುಷ್ಯ ಆ ಕೈ ಮಾಡಿದ್ದು ಅದನ್ನೇ. ತಾನು ಎಲ್ಲಿದ್ದೇನೆ ಎಂಬುದು ತಲೆಯೆತ್ತಿದ ಮೇಲೆ ಅವರಿಗೆ ಹೊಳೆಯಿತು. ಇಡೀ ಚರ್ಚು ಅವರನ್ನೇ ನೋಡುತ್ತಿತ್ತು. ಅತ್ತೆ ಮುಖ ಮುಚ್ಚಿಕೊಂಡರು.

ಪಾಸ್ಟರ್ ಮಾತು ನಿಲ್ಲಿಸಿ ಹತ್ತಿರ ಬಂದು, "ಅಮ್ಮಾ, ಏನಾಯಿತು?" ಎಂದರು. ನಿಂತಿದ್ದ ಅವರ ಮುಖ ನೆರಳಿನಲ್ಲಿತ್ತು. ಕಲೈಸೆಲ್ವಿ ನೆಲದ ಮೇಲಿದ್ದ ದೀಪ ತೆಗೆದುಕೊಂಡು ಎದ್ದು, ಅದನ್ನು ಪಾಸ್ಟರ್ ಮುಖದ ಹತ್ತಿರ ಎತ್ತಿ, ಅವರ ತುಟಿಯನ್ನೇ ನೋಡುತ್ತ ನಿಂತರು.

ಪಾಸ್ಟರಿಗೆ ಆಗ ತಿಳಿಯಿತು. ಅವರು ಬೆಂಚುಗಳ ಕಡೆ ತಿರುಗಿದರು. ನಾನೂ ತಿರುಗಿದೆ. ಮೂವತ್ತು ನಲವತ್ತು ಮಂದಿ, ಹೆಚ್ಚಿನವರು ಶೆಡ್ಡಿನವರೇ, ಕುತ್ತಿಗೆ ಚಾಚಿ ಅವರ ಬಾಯನ್ನೇ ನೋಡುತ್ತಿದ್ದರು. ಆರು ದೀಪ ಆರುವಷ್ಟೂ ಹೊತ್ತು ಅವರು ಮುಂದಕ್ಕೆ ಬಾಗಿದ್ದು ಇದಕ್ಕೆ. ಕತ್ತಲಾದ ಮೇಲೆ ಅವರಿಗೆ ಒಂದು ಮಾತೂ ಸಿಕ್ಕಿರಲಿಲ್ಲ.

ಪಾಸ್ಟರ್ ಕಲೈಸೆಲ್ವಿಯ ಕೈಯನ್ನು ದೀಪದ ಸಮೇತ ತನ್ನ ಮುಖದ ಪಕ್ಕ ಹಾಗೆಯೇ ಹಿಡಿದುಕೊಂಡು, ಕೊನೆಯ ಭಾಗವನ್ನು ಮೊದಲಿನಿಂದ, ನಿಧಾನವಾಗಿ ಹೇಳಿದರು. ಬೆಂಚುಗಳಲ್ಲಿ ತುಟಿಗಳು ಅವರ ಜೊತೆ ಆಡಿದವು. ನಾನು ಅತ್ತುಬಿಟ್ಟೆ, ಸಂಕೋಚಪಡಲಿಲ್ಲ. ಆಮೇಲೆ ಕಲೈಸೆಲ್ವಿ ದೀಪದೊಂದಿಗೆ ಕೋಣೆಗೆ ಹೋದರು. ಕತ್ತಲು. ಬೆಂಚು ಬಿತ್ತು. ಪಕ್ಕದಲ್ಲಿ ಅತ್ತೆಯ ಕೈ ಒಂದು ಸಲ ಅಲುಗಿತು. ಗಂಟು ಬಿಚ್ಚಿಕೊಳ್ಳಲಿಲ್ಲ. ದೀಪ ಬಂತು.

ಹೊರಡುವಾಗ ಪಾಸ್ಟರ್ ಬಾಗಿಲ ಬೆಳಕಿನಲ್ಲಿ ಕಲೈಸೆಲ್ವಿಯ ಎದುರು ನಿಂತು, ಒಂದೊಂದೇ ಪದ ಬಿಡಿಸಿ, "ಬರುವ ವರ್ಷವೂ ಈ ದೀಪ ನಿಮ್ಮದೇ ಅಮ್ಮಾ" ಎಂದರು. ಕಲೈಸೆಲ್ವಿ ತಲೆಯಾಡಿಸಿ, ಸೆರಗಿನಿಂದ ಮುಖ ಒರೆಸಿಕೊಂಡರು.

ಬೀದಿಯಲ್ಲಿ ಅತ್ತೆ ಮುಂದೆ ಮುಂದೆ ಹೋದರು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಹಿಂದೆ ನಡೆದೆ. ಮನೆಯ ದೀಪದಡಿ ಬಂದಾಗ ನನ್ನ ಕಾಲು ನೋಡಿದರು. ಉಂಗುರದ ಮೂರನೇ ಸುತ್ತಿನಲ್ಲಿ ನೂಲಿನ ಒಂದು ಚೂರು ಇನ್ನೂ ಸಿಕ್ಕಿಕೊಂಡಿತ್ತು. ಬಗ್ಗಿ ಅದನ್ನು ಬಿಡಿಸಿ ತೆಗೆದರು.

"ಬರೋ ವರ್ಷ ಚರ್ಚಿಗೆ ಹೋಗೋವಾಗ ಇದನ್ನ ಕಳಚಿ ಮನೇಲಿಟ್ಟು ಬಾ ಕಣ್ಣು" ಎಂದರು.