ಸ್ನಾನದ ಮನೆಯ ಏಳನೇ ಕಂಬ

ಬೆಳಗಿನ ಜಾವ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಫುಂಗ್ ಸುನ್‌ಮೋಯ್ ಆರನೇ ಮನೆಯ ಜಗಲಿಯಲ್ಲಿ ಪೊರಕೆ ಒರಗಿಸಿ, ಸೊಂಟದಿಂದ ಗೇಣುದ್ದದ ಮರದ ಸುತ್ತಿಗೆ ತೆಗೆಯುತ್ತಾರೆ. ಮಂಡಿಯೂರಿ ಕಂಬದ ಬುಡಕ್ಕೊಂದು ಪೆಟ್ಟು, ಎದ್ದು ಎದೆಯ ಮಟ್ಟಕ್ಕೊಂದು, ತುದಿಗಾಲಲ್ಲಿ ನಿಂತು ಮೇಲಕ್ಕೊಂದು. ಪ್ರತಿ ಪೆಟ್ಟಿಗೂ ಕಿವಿ ಮರಕ್ಕೆ ಅಂಟಿರುತ್ತದೆ. ನಾನು ಬಾಯಿ ತೆರೆದರೆ ಕೈ ಎತ್ತಿ ತಡೆಯುತ್ತಾರೆ. ಪ್ರವಾಸಿಗರ ಬಸ್ಸು ಬಂದಮೇಲೆ ಏನೂ ಕೇಳಿಸುವುದಿಲ್ಲ, ಮಾತು ಆಗ ಆಡಬಹುದಂತೆ.

ತೈವಾನಿನ ಪೂರ್ವದ ಬೆಟ್ಟದಲ್ಲಿರುವ ನಮ್ಮ ವಾನ್‌ಮುವಿನಲ್ಲಿ ಇಪ್ಪತ್ತೇಳು ಮರದ ಮನೆಗಳಿವೆ, ನಾನೂರ ಹನ್ನೆರಡು ಕಂಬಗಳಿವೆ. ಜಪಾನಿನವರು ಆಳುತ್ತಿದ್ದಾಗ ಮರ ಕಡಿಯುವವರಿಗೆಂದು ಕಟ್ಟಿದ ಸಾಲು ಇದು. ನಾನು ಹುಟ್ಟಿದ್ದೂ ಒಂಬತ್ತನೇ ಮನೆಯಲ್ಲೇ. ದಿನಕ್ಕೆ ಎಪ್ಪತ್ತು ಕಂಬಗಳಂತೆ ಆರು ದಿನಕ್ಕೊಂದು ಸುತ್ತು ಮುಗಿಸುತ್ತಾರೆ ಎಪ್ಪತ್ತೆರಡು ವರ್ಷದ ಅಜ್ಜಿ ಸುನ್‌ಮೋಯ್. ಗೆದ್ದಲು, ಕೊಳೆ, ಬಿರುಕು ಯಾವುದೇ ಇರಲಿ, ಮೊದಲು ಗೊತ್ತಾಗುವುದು ಅವರಿಗೆ. ಹಾಜರಿ ಪುಸ್ತಕದಲ್ಲಿ ಮಾತ್ರ ಅವರ ಹೆಸರಿನ ಮುಂದೆ ‘ಗುಡಿಸುವವರು’ ಎಂದಿದೆ. ನನಗೆ ಇದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತದೆ, ಅವರಿಗೆ ನಗು ಬರುತ್ತದೆ.

ಹದಿನಾರಕ್ಕೇ ಮರ ಕೊಯ್ಯುವ ಗಿರಣಿ ಸೇರಿದವರು ಅವರು. ಬರುವ ಹಲಗೆಗಳನ್ನು ತಟ್ಟಿ, ಸದ್ದು ಕೇಳಿ, ಒಳ್ಳೆಯದನ್ನೂ ಪೊಳ್ಳನ್ನೂ ಬೇರೆ ಮಾಡುವ ಕೆಲಸ. ಕಾಡು ಕಡಿಯುವುದು ನಿಂತು ಗಿರಣಿ ಮುಚ್ಚಿದ ಮೇಲೆ ಬೆಟ್ಟದ ತೋಟಗಳಲ್ಲಿ ಕೋಸು ಕಿತ್ತರು, ಪೇಟೆಯ ಹೋಟೆಲಿನಲ್ಲಿ ತಟ್ಟೆ ತೊಳೆದರು. ಹನ್ನೊಂದು ವರ್ಷದ ಹಿಂದೆ ಪ್ರವಾಸಿಗರಿಗೆ ತೋರಿಸಲೆಂದು ಹಳ್ಳಿಯ ದುರಸ್ತಿ ಶುರುವಾದಾಗ ಪೊರಕೆ ಹಿಡಿದು ವಾಪಸು ಬಂದರು. ಸುತ್ತಿಗೆ ತಂದದ್ದು ಅವರದೇ ಇಷ್ಟ, ಯಾರೂ ಹೇಳಿರಲಿಲ್ಲ.

ತಪ್ಪನ್ನೂ ಮಾಡಿದ್ದಾರೆ. ಆರನೇ ಮನೆಯ ಮೂಲೆಕಂಬ ಪೊಳ್ಳು ಎಂದು ಒಮ್ಮೆ ಹೇಳಿ, ಬಡಗಿಗಳು ಕೊಯ್ದು ನೋಡಿದರೆ ಒಳಗೆ ಕಬ್ಬಿಣದಂಥ ಮರ ಇತ್ತು. ಜಡಿಮಳೆಯ ವಾರ ಅದು, ಸುತ್ತಿಗೆಯೇ ನೀರು ಕುಡಿದು ಸದ್ದು ಮಂಕಾಗಿತ್ತು. ಅಂದಿನಿಂದ ಸುತ್ತಿಗೆ ಮಲಗುವುದು ಅಕ್ಕಿಯ ಡಬ್ಬದಲ್ಲಿ. ಆ ಕಂಬದ ಗಾಯವನ್ನು ಈಗಲೂ ಬೆಳಿಗ್ಗೆ ಒಮ್ಮೆ ಸವರಿ ಮುಂದೆ ಹೋಗುತ್ತಾರೆ.

ಆ ಹಳೆಯ ತಪ್ಪೇ ಈ ತಿಂಗಳು ಅಡ್ಡ ಬಂತು. ಶರತ್ಕಾಲದ ಹುಣ್ಣಿಮೆ ಹಬ್ಬಕ್ಕೆ, ಹಳ್ಳಿಯವರೆಲ್ಲ ಒಂದೇ ತೊಟ್ಟಿಯಲ್ಲಿ ಮೀಯುತ್ತಿದ್ದ ಸ್ನಾನದ ಮನೆಯಲ್ಲಿ ಮತ್ತೆ ಒಲೆ ಹಚ್ಚಬೇಕು ಎಂದು ಎಲ್ಲರೂ ಕುಣಿಯುತ್ತಿದ್ದೆವು. ಅಷ್ಟರಲ್ಲಿ ದುರಸ್ತಿಯ ಎಂಜಿನಿಯರ್ ಪೋಹಾನ್ ಯಂತ್ರ ಹಿಡಿದು ಬಂದ. ಏಳನೇ ಕಂಬದ ಮೊಣಕಾಲೆತ್ತರದಲ್ಲಿ ಪೊಳ್ಳು ಎಂದಿತು ಯಂತ್ರ. ಕಂಬ ಹೋದರೆ ಗೋಡೆ ಹೋಗುತ್ತದೆ. ಗೋಡೆ ಕೆಡವಿ ಕಾಂಕ್ರೀಟು ಹಾಕಿ, ಯಾರೂ ಒಳಹೋಗದಂತೆ ಹಗ್ಗ ಕಟ್ಟಿ, ಒಳಗೊಂದು ಒಣ ತೊಟ್ಟಿ ಇಟ್ಟು ತೋರಿಸುವುದು ಎಂದು ನಿರ್ಧಾರವಾಯಿತು.

ಸುನ್‌ಮೋಯ್ ಮೂರು ದಿನ ಅದೊಂದೇ ಕಂಬ ತಟ್ಟಿದರು. ನಾಲ್ಕನೇ ದಿನ ಎಂಜಿನಿಯರನ ಮುಂದೆ ನಿಂತರು.

“ಪೊಳ್ಳಲ್ಲ ತಮ್ಮಾ, ಬೆಸುಗೆ. ಮೇಲೊಂದು ಮರ, ಕೆಳಗೊಂದು ಮರ. ಸ್ನಾನದ ನೀರಿಗೆ ಬುಡ ಕೊಳೀತಿತ್ತಲ್ಲ, ಹಳೇ ಬಡಗಿಗಳು ಕಾಲು ಕತ್ತರಿಸಿ, ನೀರಿಗೆ ಕೊಳೆಯದ ಹಿನೋಕಿ ಮರದ ಕಾಲು ಕೂಡಿಸಿದಾರೆ. ನಿನ್ನ ಯಂತ್ರ ಆ ಸಂದಿ ಮೇಲೆ ಕೂತು ಹೆದರಿಕೊಂಡಿದೆ.”

ಗಾಯ ಕಾಣದ ಹಾಗೆ ಕೂಡಿಸುವುದು ಆ ಕಾಲದವರ ಹಟ. ಆದರೆ ಪೋಹಾನ್ ಒಪ್ಪಲಿಲ್ಲ. ಆರನೇ ಮನೆಯ ಸಂಗತಿ ಅವನಿಗೂ ಗೊತ್ತು. ಕೊನೆಗೆ ಸಂದಿಯ ಕೆಳಗೆ ಹೆಬ್ಬೆರಳಗಲ ಒಂದು ತೂತು ಕೊರೆಯುವುದೆಂದಾಯಿತು. ಪುಡಿ ಬಂದರೆ ಕೆಡವುವುದು.

ಮಂಗಳವಾರ ಬೆಳಿಗ್ಗೆ ಆರಕ್ಕೇ ಅರ್ಧ ಹಳ್ಳಿ ಅಲ್ಲಿತ್ತು. ಒಂದು ಕಾಲದಲ್ಲಿ ಈ ಬೆಟ್ಟದ ದೊಡ್ಡ ಮರಗಳನ್ನು ಉರುಳಿಸಿದ ಎಂಬತ್ತರ ಟ್ರುಕು ಬುಡಕಟ್ಟಿನ ಮುದುಕ ಯುಡವ್ ಸ್ಟೂಲು ಹಾಕಿಕೊಂಡು ಮುಂದೆಯೇ ಕೂತಿದ್ದ.

“ಪುಡಿ ಬಂತೋ, ನಾಳೆಯಿಂದ ನೀನು ಬರೀ ಪೊರಕೆ ಹಿಡೀಬೇಕು ನೋಡು” ಎಂದು ಸುನ್‌ಮೋಯ್ ಅವರನ್ನು ಕೆಣಕಿದ.

“ಮರ ಬಂತೋ, ನಿನ್ನ ಮನೆ ನೀನೇ ಗುಡಿಸ್ಕೋ” ಎಂದರು ಸುನ್‌ಮೋಯ್. ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಬೈರಿಗೆಗೆ ಜಾಗ ಬಿಟ್ಟು ನನ್ನ ಪಕ್ಕಕ್ಕೆ ಸರಿದರು.

ಬೈರಿಗೆ ತಿರುಗಿತು. ಮೊದಲು ಕರಿ ಧೂಳು ಉದುರಿತು. ಅದು ಮೇಲಿನ ಮಸಿಯಷ್ಟೇ. ಮರುಕ್ಷಣ ಹೊಂಬಣ್ಣದ ಸುರುಳಿ ಸುರುಳಿ ಸಿಪ್ಪೆ ಹೊರಬಂತು, ಜೊತೆಗೆ ಹಿನೋಕಿಯ ಆ ಘಮಲು! ಸಾಲಿನ ಕೊನೆಯಲ್ಲಿ ನಿಂತವರಿಗೂ ಮೂಗಿಗೆ ಬಡಿಯಿತು. ಅಷ್ಟು ವರ್ಷ ನೀರಿನಲ್ಲಿ ನಿಂತ ಕಾಲು ಅದು, ನಿನ್ನೆ ಕೊಯ್ದಂತಿತ್ತು. ಯುಡವ್ ಎದ್ದು ಒಂದು ಸುರುಳಿ ಆರಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. ಪೋಹಾನ್ ಯಂತ್ರವನ್ನು ಚೀಲಕ್ಕೆ ತುರುಕಿ, ನಾಳೆ ತನಗೂ ತಟ್ಟುವುದು ಕಲಿಸುತ್ತೀರಾ ಎಂದು ಕೇಳಿದ. ನಾಲ್ಕು ಗಂಟೆಗೆ ಏಳುವುದಾದರೆ ಬಾ ಎಂದರು ಸುನ್‌ಮೋಯ್.

ಸ್ನಾನದ ಮನೆ ಉಳಿಯಿತು. ಹಬ್ಬಕ್ಕೆ ಒಲೆ ಹಚ್ಚುವುದು ಖಚಿತವಾಗಿದೆ. ಹಬ್ಬದ ಅತಿಥಿಗಳ ಪಟ್ಟಿ ಹಿಡಿದು ಓಡಾಡುತ್ತಿರುವ ದುರಸ್ತಿ ಕಚೇರಿಯವರು, ನಿಮಗೇನು ಬೇಕು ಅಕ್ಕ, ಹಾಜರಿ ಪುಸ್ತಕದಲ್ಲಿ ಹುದ್ದೆಯ ಹೆಸರು ಬದಲಿಸೋಣವೇ ಎಂದು ಕೇಳಿದರು. ಬೇಡ ಎಂದು ತಲೆಯಾಡಿಸಿದ ಸುನ್‌ಮೋಯ್, ಕಂಬದ ಬುಡದಲ್ಲಿ ಚೆಲ್ಲಿದ್ದ ಸಿಪ್ಪೆಯನ್ನು ಗುಡಿಸುತ್ತಲೇ ಹೇಳಿದರು:

“ಚಿಕ್ಕವಳಿದ್ದಾಗ ಇಲ್ಲಿ ಮೊದಲು ಗಿರಣಿ ಸಾಹೇಬ್ರು ಮೀಯೋರು, ಆಮೇಲೆ ಗಂಡಸ್ರು, ಕೊನೆಗೆ ನಾವು ಹೆಣ್ಮಕ್ಕಳು. ಅಷ್ಟೊತ್ತಿಗೆ ನೀರು ಆರಿರೋದು, ಮೇಲೆಲ್ಲಾ ಮರದ ಹೊಟ್ಟು ತೇಲ್ತಿರೋದು. ಬಿಸಿನೀರು ಹೇಗಿರುತ್ತೆ ಅಂತ ನಾನು ಆ ತೊಟ್ಟೀಲಿ ನೋಡೇ ಇಲ್ಲ. ಒಲೆ ಹಚ್ಚಿದ ದಿನ ಮೊದಲ ನೀರು ನನಗೆ ಬಿಡಿ. ಅವತ್ತು ಕಸ ಆಮೇಲೆ ಗುಡಿಸ್ತೀನಿ.”