ಬೋಡಿಲ್‌ಳ ಪಾಲಿನ ಕೇಕು

ದಕ್ಷಿಣ ಡೆನ್ಮಾರ್ಕಿನ ನಮ್ಮ ಕಡೆ ಕಾಫಿಗೆ ಕರೆದರೆ ಮೇಜಿನ ಮೇಲೆ ಹದಿನಾಲ್ಕು ಬಗೆಯ ಕೇಕು ಇರುತ್ತದೆ. ಪ್ರತಿಯೊಂದರಲ್ಲೂ ಒಂದು ತುಂಡು ತಿನ್ನಲೇಬೇಕು; ಒಂದನ್ನು ಬಿಟ್ಟರೂ ಮನೆಯಾಕೆ ಮುಖ ಊದಿಸಿಕೊಳ್ಳುತ್ತಾಳೆ. ತೂಕ ಇಳಿಸಲು ಆಪರೇಷನ್ ಮಾಡಿಸಿಕೊಂಡು, ಹೊಟ್ಟೆಯನ್ನು ಕೋಳಿಮೊಟ್ಟೆಯಷ್ಟಕ್ಕೆ ಇಳಿಸಿಕೊಂಡ ನನ್ನ ತಂಗಿ ಬೋಡಿಲ್ ಅಲ್ಲಿ ಏನು ಮಾಡಬೇಕು? ಸಿಹಿ ತಿಂದರೆ ಅವಳ ಎದೆ ಡವಗುಟ್ಟಿ ಮೈಯೆಲ್ಲ ಬೆವರುತ್ತದೆ. ಹಾಗಾಗಿ ತನ್ನ ಪಾಲನ್ನು ಮೆಲ್ಲಗೆ ನನ್ನ ತಟ್ಟೆಗೆ ದಾಟಿಸುತ್ತಿದ್ದಳು. ಎರಡೂವರೆ ವರ್ಷ ಇಬ್ಬರ ಪಾಲನ್ನೂ ನಾನೇ ತಿಂದೆ.

ಕೊಬ್ಬೆಲ್ಲ ನನಗೆ, ಹೊಗಳಿಕೆಯೆಲ್ಲ ಅವಳಿಗೆ!

ಹೌದು, ನನಗೆ ಹೊಟ್ಟೆಕಿಚ್ಚು. ಯಾಕೆ ಮುಚ್ಚಿಡಲಿ? ಬೋಡಿಲ್ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷದಿಂದ ದುಡಿಯುತ್ತಿರುವವಳು. ಊರಿನವರು ನಮ್ಮಿಬ್ಬರ ದಪ್ಪ ಮೈಯನ್ನೂ ಸೇರಿಸಿ ಆಡಿಕೊಂಡು ನಗುತ್ತಿದ್ದರು. ಆ ಅವಮಾನದಲ್ಲೂ ನಾವು ಜೊತೆಗಿದ್ದೆವು. ಆಪರೇಷನ್ ಆಗಿ ವರ್ಷ ಕಳೆಯುವಷ್ಟರಲ್ಲಿ ಅವಳು ಐವತ್ತೆಂಟು ಕಿಲೋ ಇಳಿದು ಕೆಂಪು ಸೈಕಲ್ ಕೊಂಡಳು. ಬೆಳಿಗ್ಗೆ ಬೆಲ್ ಹೊಡೆಯುತ್ತಾ ನನ್ನ ಕಿಟಕಿಯ ಮುಂದೆ ಹೋಗುವಾಗ ಮೈ ಉರಿಯುತ್ತಿತ್ತು.

ಆಪರೇಷನ್ ಆದಾಗ ನರ್ಸು ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದಳು: ಊಟದಲ್ಲಿ ಮೊದಲು ಮೀನು, ಮೊಟ್ಟೆ ತಿನ್ನಬೇಕು, ಊಟದ ಜೊತೆಗೆ ನೀರು ಕುಡಿಯಬಾರದು, ಬದುಕಿರುವವರೆಗೂ ವಿಟಮಿನ್ ಮಾತ್ರೆ, ಮೂರು ತಿಂಗಳಿಗೊಮ್ಮೆ ಬಿ-ಹನ್ನೆರಡರ ಇಂಜೆಕ್ಷನ್, ಇಲ್ಲದಿದ್ದರೆ ನರಗಳು ಕೆಡುತ್ತವೆ.

"ಮಾತ್ರೆ ನಾನೇ ನುಂಗ್ತೀನಿ. ಇಂಜೆಕ್ಷನ್ ತಾರೀಖೆಲ್ಲ ನನ್ನ ತಲೇಲಿ ನಿಲ್ಲಲ್ಲ ಅಕ್ಕಾ, ನೀನೇ ನೆನಪು ಮಾಡು," ಎಂದಿದ್ದಳು ಬೋಡಿಲ್.

ಒಂದು ವರ್ಷ ನೆನಪು ಮಾಡಿದೆ. ಕೆಂಪು ಸೈಕಲ್ ಬಂದ ಮೇಲೆ ಬಿಟ್ಟೆ.

ಕಳೆದ ಗುರುವಾರ ಪಕ್ಕದ ಮನೆ ಎಲ್ಸೆಬೆತ್‌ಳ ಹುಟ್ಟುಹಬ್ಬ. ಬೋಡಿಲ್ ನಡೆದು ಬಂದಳು, ಅದೂ ಗೋಡೆ ಹಿಡಿದುಕೊಂಡು.

"ಸೈಕಲ್ ಎಲ್ಲೇ?"

"ಪೆಡಲ್ ಮೇಲೆ ಕಾಲು ಇದ್ಯೋ ಇಲ್ವೋ ಗೊತ್ತಾಗಲ್ಲ ಅಕ್ಕಾ. ಬರೀ ಜುಮ್ ಅನ್ನುತ್ತೆ."

ನನಗೆ ಖುಷಿಯಾಯಿತು. ದೇವರು ಕ್ಷಮಿಸಲಿ, ಖುಷಿಯೇ ಆಯಿತು.

"ಬೋಡಿಲ್, ಜೋರು ಗಾಳಿ ಬಂದ್ರೆ ಹಾರಿಹೋಗ್ತೀಯ ಕಣೇ!" ಎಂದು ಎಲ್ಸೆಬೆತ್ ಅವಳ ಸೊಂಟ ಹಿಡಿದು ನಕ್ಕು, ನನ್ನ ಕಡೆ ತಿರುಗಿದಳು. "ಮೇಟಾ, ನೀನು ಇನ್ನೊಂದು ತುಂಡು ಹಾಕ್ಕೋ. ನಿನ್ನನ್ನ ಯಾವ ಗಾಳಿ ಅಲ್ಲಾಡಿಸುತ್ತೆ!"

ಎಲ್ಲರೂ ಗೊಳ್ಳೆಂದರು. ಅದೇ ಹೊತ್ತಿಗೆ ಬೋಡಿಲ್ ತನ್ನ ತುಂಡನ್ನು ನನ್ನ ತಟ್ಟೆಗೆ ದಾಟಿಸಲು ಹೋದಳು. ಬೆರಳು ಹಿಡಿತ ಬಿಟ್ಟಿತು. ಕೆನೆ ಸಮೇತ ಕೇಕು ಬಿಳಿ ಮೇಜುಬಟ್ಟೆಯ ಮೇಲೆ ಬಿತ್ತು.

"ಓಹೋ, ನನ್ನ ಕೇಕು ಸೇರಲ್ವೋ ಇವಳಿಗೆ?" ಎಲ್ಸೆಬೆತ್ ಮುಖ ಊದಿಸಿಕೊಂಡಳು.

ಬೋಡಿಲ್‌ಗೆ ಅದು ಕೇಳಿಸಲೇ ಇಲ್ಲ. ಬೆರಳುಗಳನ್ನೇ ನೋಡುತ್ತಿದ್ದಳು. "ಅಕ್ಕಾ, ಕೈನೂ..." ಎಂದಳು.

ತಟ್ಟೆಯನ್ನು ಅತ್ತ ಸರಿಸಿ ಎದ್ದೆ. ಅವಳ ತೋಳು ಹಿಡಿದು ನೇರ ಡಾಕ್ಟರ ಬಳಿ ಕರೆದೊಯ್ದೆ. ಡಾಕ್ಟರು ರಕ್ತ ತೆಗೆದುಕೊಂಡು ಅಲ್ಲೇ ಇಂಜೆಕ್ಷನ್ ಕೊಟ್ಟರು.

"ಕೈ ಸರಿಹೋಗಬಹುದು. ಕಾಲಿನ ಬಗ್ಗೆ ಮಾತು ಕೊಡೋಕಾಗಲ್ಲ. ಒಂದೂವರೆ ವರ್ಷ ಇಂಜೆಕ್ಷನ್ ಯಾಕ್ರೀ ಬಿಟ್ರಿ?"

ಬೋಡಿಲ್ ನನ್ನ ಕೈ ಮೇಲೆ ಕೈಯಿಟ್ಟಳು. "ಅಕ್ಕನಿಗೆ ಬೈಬೇಡಿ ಡಾಕ್ಟ್ರೇ. ಪಾಪ, ವಯಸ್ಸಾಯ್ತು. ಮರೆತುಬಿಟ್ಳು."

ನಾನು ಹೂಂ ಅಂದಿದ್ದರೆ ಮುಗಿಯುತ್ತಿತ್ತು.

"ಮರೆತಿರಲಿಲ್ಲ ಕಣೇ," ಎಂದೆ. "ಆರು ತಾರೀಖೂ ನೆನಪಿತ್ತು."

ಬೋಡಿಲ್ ಆ ಮರಗಟ್ಟಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.