ಬಾಯ್ಲರ್ ಮನೆಯ ಮಾತು ಹೊರುವ ನೈಗಾಗಾ

ಉಗಾಂಡಾದ ಜಿಂಜಾ ಪಟ್ಟಣದ ಬಟ್ಟೆ ಗಿರಣಿಯ ಸೈರನ್ ಇನ್ನೂ ಕೂಗಿಲ್ಲ. ನೈಗಾಗಾ ಆಗಲೇ ಬಾಯ್ಲರ್ ಮನೆಯ ಬಾಗಿಲಲ್ಲಿ ನಿಂತು ಕೆಲಸಗಾರರ ಅಹವಾಲು ಕೇಳುತ್ತಿದ್ದಾರೆ. ಕೆಳಗಿನವರ ದೂರನ್ನು ಮಹಡಿಯ ಆಫೀಸಿಗೂ, ಆಫೀಸಿನ ಅಪ್ಪಣೆಯನ್ನು ಕೆಳಗಿನವರಿಗೂ ಮುಟ್ಟಿಸುವುದು ಇವರ ಕೆಲಸ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಪಕ್ಕದಲ್ಲಿದ್ದೇನೆ.

"ಪೈಪು ಬಿರುಕು ಬಿಟ್ಟಿದೆ ಮಾಮಾ, ಸಿಳ್ಳೆ ಹೊಡೀತಿದೆ ಕೇಳಿ," ಎನ್ನುತ್ತಾನೆ ಬಾಯ್ಲರ್ ನೋಡಿಕೊಳ್ಳುವ ವಾಂಬಿ; ಇಲ್ಲಿ 'ಮಾಮಾ' ಎಂದರೆ ಅಮ್ಮ. "ಇದ್ದದ್ದು ಇದ್ದ ಹಾಗೇ ಹೇಳಿ. ಹೋದ್ಸಲದ ಥರ ಬೇಡ."

ಆ ಮಾತಿಗೆ ನೈಗಾಗಾರ ಮುಖ ಬಾಡುತ್ತದೆ.

ಕಸ ಗುಡಿಸಲು ಸೇರಿದವರು ಇವರು. ನಾಲ್ಕು ಭಾಷೆ ಬರುತ್ತದೆಂದು ತಿಳಿದ ಮೇಲೆ ಪೊರಕೆ ಬಿಡಿಸಿ ಈ ಕೆಲಸಕ್ಕೆ ಹಾಕಿದರು. ಸಂಬಳ ಮಾತ್ರ ಪೊರಕೆಯದೇ. ನಮ್ಮ ಬುಸೋಗಾ ಸೀಮೆಯಲ್ಲಿ ಹೆಂಗಸರು ದೊಡ್ಡವರ ಮುಂದೆ ಮಂಡಿಯೂರಿ, ಮನೆಮಂದಿಯ ಕ್ಷೇಮವನ್ನೆಲ್ಲ ವಿಚಾರಿಸಿ, ಆಮೇಲೆ ಮಾತಿಗೆ ಬರಬೇಕು. ಕೆಟ್ಟ ಸುದ್ದಿಯಾದರೆ ಇನ್ನಷ್ಟು ಮೆತ್ತಗೆ ಹೇಳಬೇಕು. ಕಳೆದ ವರ್ಷ ಬಾಯ್ಲರ್ ಕೆಲಸದ ಮುಕೋಸೆ, ವಾಲ್ವ್ ಕೆಟ್ಟಿದೆ, ನಿಲ್ಲಿಸದಿದ್ದರೆ ಯಾರಾದರೂ ಬೇಯುತ್ತಾರೆ ಎಂದು ಹೇಳಿ ಕಳಿಸಿದ್ದ. ನೈಗಾಗಾ ಮಹಡಿ ಹತ್ತುವಷ್ಟರಲ್ಲಿ ಅದು "ಬಾಯ್ಲರಿಗೆ ಸ್ವಲ್ಪ ಹುಷಾರಿಲ್ಲ" ಎಂದಾಗಿತ್ತು. ಸ್ವಲ್ಪ ತಾನೇ, ಭಾನುವಾರ ನೋಡೋಣ ಎಂದರು ಮ್ಯಾನೇಜರ್ ಕಲ್ಯೇಸುಬುಲ. ಶುಕ್ರವಾರ ಹಬೆ ಸಿಡಿದು ಮುಕೋಸೆಯ ಎರಡೂ ಕಣ್ಣು ಹೋದವು.

"ನನ್ನ ಮರ್ಯಾದೆಯ ಮಾತೇ ಅವನ ಕಣ್ಣು ತಿಂತು," ಎನ್ನುತ್ತಾರೆ ನೈಗಾಗಾ. "ಗೆಣಸು ತಗೊಂಡು ಅವನ ಮನೆಗೆ ಹೋಗ್ತೀನಿ. 'ಮಾಮಾ, ನಾನು ಹೇಳಿದ್ದನ್ನೇ ಹೇಳಿದ್ರಿ ತಾನೆ?' ಅಂತ ಕೇಳ್ತಾನೆ. ಏನಂತ ಹೇಳ್ಲಿ?"

ಆಮೇಲೆ ಗಿರಣಿಯವರು ಗೋಡೆಗೊಂದು ಸಲಹಾ ಪೆಟ್ಟಿಗೆ ತೂಗುಹಾಕಿದರು. ಅದರ ಕೀಲಿಕೈ ಯಾರ ಬಳಿ ಇದೆಯೋ ದೇವರಿಗೇ ಗೊತ್ತು. ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಇವತ್ತು ನೈಗಾಗಾ ಮಂಡಿಯೂರುವುದಿಲ್ಲ, ಕ್ಷೇಮ ಕೇಳುವುದಿಲ್ಲ. ಮ್ಯಾನೇಜರ ಮೇಜಿನೆದುರು ನಿಂತೇ ಹೇಳುತ್ತಾರೆ: "ಪೈಪು ಒಡೀತಾ ಇದೆ ಸಾಹೇಬ್ರೇ. ಬಾಯ್ಲರ್ ನಿಲ್ಲಿಸಿ. ಇಲ್ಲಾಂದ್ರೆ ಹುಡುಗರು ಸಾಯ್ತಾರೆ."

ಕಲ್ಯೇಸುಬುಲ ಕನ್ನಡಕ ತೆಗೆದು ನೋಡುತ್ತಾರೆ. "ಏನಮ್ಮಾ, ಬೆಳಿಗ್ಗೆ ಬೆಳಿಗ್ಗೆ ಸಾವಿನ ಮಾತು! ನಿಮ್ಮವ್ವ ಇದನ್ನೇ ಕಲಿಸಿದ್ದಾ? ಹೊರಗೆ ಹೋಗು. ನೆಟ್ಟಗೆ ಒಳಗೆ ಬಾ."

ನೈಗಾಗಾ ಹೊರಗೆ ಹೋಗಿ ಮತ್ತೆ ಬರುತ್ತಾರೆ. ಮಂಡಿಯೂರುತ್ತಾರೆ. ಹೆಂಡತಿಯ ಕ್ಷೇಮ, ಮಕ್ಕಳ ಕ್ಷೇಮ, ಊರಿನ ದನಗಳ ಕ್ಷೇಮ. ಅಷ್ಟರಲ್ಲಿ ಕಂಪಾಲಾದಿಂದ ಫೋನು ಬರುತ್ತದೆ. ಕಲ್ಯೇಸುಬುಲ ಮಾತಾಡುತ್ತಲೇ, ಆಮೇಲೆ ಬಾ ಎಂದು ಕೈಸನ್ನೆ ಮಾಡುತ್ತಾರೆ.

ಮೆಟ್ಟಿಲಿಳಿಯುವಾಗ ನಿಮ್ಮ ಆಸೆಯೇನೆಂದು ಕೇಳುತ್ತೇನೆ. "ಸಂಬಳ ಜಾಸ್ತಿ ಬೇಡಪ್ಪ. ಕೆಳಗಿನ ಮಾತು ಒಂದ್ಸಲ ಹಾಗ್ಹಾಗೇ ಮೇಲೆ ಮುಟ್ಟಿದ್ರೆ ಸಾಕು."

ವಾಂಬಿ ಕಾಯುತ್ತಿದ್ದಾನೆ. "ಏನಂದ್ರು ಮಾಮಾ?"

"ಅವರ ಮನೇಲಿ ಎಲ್ಲರೂ ಚೆನ್ನಾಗಿದ್ದಾರಂತೆ."

ಸೈರನ್ ಕೂಗುತ್ತದೆ. ವಾಂಬಿ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗುತ್ತಾನೆ.